ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಸೀಸರ್ ಬಿದ್ದ ನೆಲದಲ್ಲಿ ಬೆಕ್ಕುಗಳ ಬೀಡು

ರೋಮ್ ನಗರದ ನಟ್ಟನಡುವೆ ಇರುವ ಲಾರ್ಗೊ ದಿ ತೊರ್ರೆ ಅರ್ಜೆಂತೀನಾ ಎಂಬ ಚೌಕ, ಅಲ್ಲಿನ ನಾಲ್ಕು ಪಾಳುಗುಡಿಗಳು ಮತ್ತು ಆ ಗುಡಿಗಳಲ್ಲಿ ನೆಲೆಸಿರುವ ಬೆಕ್ಕುಗಳನ್ನು ಕುರಿತ ಚಿತ್ರಲೇಖನ ಕಳೆದ ಸಂಚಿಕೆಯಲ್ಲಿ ಬಂದಿತ್ತು. ಅದನ್ನು ಓದಿದವರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಕೊಡುತ್ತಿದ್ದೇವೆ. ಕಟ್ಟಡ ಮತ್ತು ಇತಿಹಾಸದ ಪ್ರಶ್ನೆಗಳಿಗೆ ಪುರಾತತ್ವ ಕಲಿಸುವ ಅಧ್ಯಾಪಕರೊಬ್ಬರು, ಬೆಕ್ಕುಗಳ ಕುರಿತ ಪ್ರಶ್ನೆಗಳಿಗೆ ಪಶುವೈದ್ಯರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ರೋಮ್‌ಗೆ ಹೊರಟಿದ್ದೇವೆ. ಜೂಲಿಯಸ್ ಸೀಸರನ ಕೊಲೆ ನಡೆದದ್ದು ಈ ಚೌಕದಲ್ಲೇ ಎಂದು ಬರೆದಿದ್ದೀರಿ. ಫೋರಂ ಎಂಬ ಹಳೆಯ ರೋಮಿನ ಸಾರ್ವಜನಿಕ ಬಯಲಿನಲ್ಲಿ ಎಂದು ಶಾಲೆಯಲ್ಲಿ ಓದಿದ ನೆನಪು. ಯಾವುದು ಸರಿ? ಅಲ್ಲಿಗೆ ಹೋದರೆ ಏನನ್ನು ಎಲ್ಲಿ ನಿಂತು ನೋಡಬೇಕು? — ಧಾರವಾಡ

ಉತ್ತರ: ಚೌಕವೇ ಸರಿ. ಕ್ರಿ.ಪೂ. 44ರಲ್ಲಿ ಫೋರಂನಲ್ಲಿದ್ದ ಸೆನೆಟ್ ಭವನವನ್ನು ಹೊಸದಾಗಿ ಕಟ್ಟುತ್ತಿದ್ದರು. ಹಾಗಾಗಿ ಮಾರ್ಚ್ 15ರ ಸಭೆ ರೋಮನ್ ಸೇನಾನಿ ಪೊಂಪೆಯ ರಂಗಮಂದಿರಕ್ಕೆ ಸೇರಿದ ಸಭಾಂಗಣದಲ್ಲಿ ನಡೆಯಿತು. ಪೊಂಪೆ ಆ ರಂಗಮಂದಿರವನ್ನು ಕ್ರಿ.ಪೂ. 55ರಲ್ಲಿ ಉದ್ಘಾಟಿಸಿದ್ದ. ಅದರ ಹಿಂದೆ ಉದ್ದಕ್ಕೆ ಕಂಬಸಾಲಿನ ತೋಟ, ತೋಟದ ಪೂರ್ವದ ತುದಿಗೆ ಈ ಸಭಾಂಗಣ. ಸೀಸರನ ಮೈಮೇಲೆ 23 ಇರಿತದ ಗಾಯಗಳಿದ್ದವು ಎಂದು ರೋಮನ್ ಇತಿಹಾಸಕಾರ ಸ್ವೆಟೋನಿಯಸ್ ಬರೆದಿದ್ದಾನೆ.

ನೀವು ಚೌಕದ ಪೂರ್ವದ ಬೀದಿಯ ಕಟಾಂಜನ ಹಿಡಿದು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿ. ಗುಡಿಗಳೆಲ್ಲ ಐದಾರು ಮೀಟರ್ ಕೆಳಗಿವೆ. ಬೆಂಕಿ ಅನಾಹುತದ ಅವಶೇಷ, ಟೈಬರ್ ನದಿಯ ನೆರೆ ತಂದ ಹೂಳು, ಒಂದರ ಮೇಲೊಂದು ಕಟ್ಟಿದ ಮನೆಗಳು, ಎಲ್ಲ ಸೇರಿ ಎರಡು ಸಾವಿರ ವರ್ಷಗಳಲ್ಲಿ ಬೀದಿಮಟ್ಟ ಅಷ್ಟು ಮೇಲೇರಿದೆ. ಗುಡಿಗಳಲ್ಲಿ ಯಾವುದು ಯಾವ ದೇವತೆಯದು ಎಂಬ ಚರ್ಚೆ ಪೂರ್ತಿ ಮುಗಿದಿಲ್ಲವಾದ್ದರಿಂದ ವಿದ್ವಾಂಸರು ಎ, ಬಿ, ಸಿ, ಡಿ ಎಂದೇ ಕರೆಯುತ್ತಾರೆ. ಬಲಗಡೆ, ಅಂದರೆ ಉತ್ತರಕ್ಕೆ, ಎ ಗುಡಿ. ಮಧ್ಯಯುಗದಲ್ಲಿ ಅದರೊಳಗೇ ಚರ್ಚ್ ಕಟ್ಟಿದ್ದರು, ಅದರ ಅರೆವೃತ್ತದ ಗೋಡೆ ಈಗಲೂ ಕಾಣುತ್ತದೆ. ಪಕ್ಕದ ದುಂಡನೆಯ ಗುಡಿ ಬಿ. ಕ್ರಿ.ಪೂ. 101ರಲ್ಲಿ ಕಿಂಬ್ರಿ ಜನರ ಮೇಲೆ ಗೆದ್ದ ಯುದ್ಧದ ಹರಕೆ ತೀರಿಸಲು ರೋಮನ್ ಸೇನಾನಿ ಕ್ವಿಂಟಸ್ ಲುಟಾಟಿಯಸ್ ಕಾಟುಲಸ್ ‘ಈ ದಿನದ ಭಾಗ್ಯದೇವತೆ’ಗೆ ಕಟ್ಟಿಸಿದ್ದು. ಅದರ ಆರು ಕಂಬಗಳು ನಿಂತಿವೆ. ಆಚೆಗೆ ಸಿ ಗುಡಿ, ನಾಲ್ಕರಲ್ಲೂ ಹಳೆಯದು. ಎಡತುದಿಯ ಡಿ ಗುಡಿಯ ಬಹುಭಾಗ ವಿಯಾ ಫ್ಲೋರಿದಾ ಎಂಬ ರಸ್ತೆಯ ಅಡಿಯಲ್ಲಿದೆ.

ಈಗ ಬಿ ಮತ್ತು ಸಿ ಗುಡಿಗಳ ಹಿಂದಕ್ಕೆ ಕಣ್ಣು ಹಾಯಿಸಿ. ದೊಡ್ಡ ದೊಡ್ಡ ಟಫ್ ಕಲ್ಲುಗಳನ್ನು ಜೋಡಿಸಿದ ಒಂದು ಅಡಿಪಾಯ ಕಾಣುತ್ತದೆ. ಟಫ್ ಅಂದರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದು ಕಲ್ಲು. ಪೊಂಪೆಯ ಸಭಾಂಗಣದಲ್ಲಿ ಬಯಲಿಗೆ ಬಂದಿರುವುದು ಇಷ್ಟೇ, ಉಳಿದದ್ದು ಪಕ್ಕದ ಬೀದಿಯ ಮತ್ತು ಅರ್ಜೆಂತೀನಾ ರಂಗಮಂದಿರದ ಕೆಳಗಿದೆ. ಹೆಚ್ಚಿನ ಪ್ರವಾಸಿಗರು ದುಂಡು ಗುಡಿಯ ಚಿತ್ರ ತೆಗೆದು ಹೊರಟುಬಿಡುತ್ತಾರೆ. ಹತ್ತು ಹೆಜ್ಜೆ ಹಿಂದಿರುವ ಆ ಕಲ್ಲಿನ ಸಾಲನ್ನು ನೋಡದೆ ಬರಬೇಡಿ.

2023ರ ಜೂನ್‌ನಿಂದ ಕೆಳಗಿಳಿದು ಮರದ ಹಾಸಿನ ಮೇಲೆ ನಡೆದು ನೋಡಲು ಅವಕಾಶವಾಗಿದೆ. ತೆರೆದಾಗ ಟಿಕೆಟ್ ದರ 5 ಯೂರೊ ಇತ್ತು. ರಜೆ ಮತ್ತು ವೇಳೆ ಋತುವಿನ ಪ್ರಕಾರ ಬದಲಾಗುವುದರಿಂದ ಹೊರಡುವ ಮುನ್ನ ನೋಡಿಕೊಳ್ಳಿ. ಬೆಕ್ಕುಗಳ ಆಶ್ರಯತಾಣ ನೈಋತ್ಯ ಮೂಲೆಯಲ್ಲಿ ಡಿ ಗುಡಿಯ ಮಗ್ಗುಲಿಗಿದೆ. ಅಲ್ಲಿಗೆ ಇಳಿಯಲು ಬೇರೆಯೇ ಮೆಟ್ಟಿಲಿದೆ, ಟಿಕೆಟ್ ಬೇಕಿಲ್ಲ. ಮೇ ತಿಂಗಳ ಮಧ್ಯಾಹ್ನ ಬೆಕ್ಕುಗಳೆಲ್ಲ ಗಿಡದ ಬುಡ, ಕಲ್ಲಿನ ಸಂದು ಸೇರಿಬಿಡುತ್ತವೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಹೋದರೆ ಕಂಬದ ತುಂಡುಗಳ ಮೇಲೆಲ್ಲ ಸಿಗುತ್ತವೆ. ಪ್ಯಾಂಥಿಯನ್ ಎಂಬ ಪ್ರಸಿದ್ಧ ಪ್ರಾಚೀನ ಗುಡಿಯಿಂದ ಐದು ನಿಮಿಷದ ನಡಿಗೆ.

ಪ್ರಶ್ನೆ: ಈ ಬೆಕ್ಕುಗಳು ಕ್ಲಿಯೋಪಾತ್ರಳ ಕಾಲದಲ್ಲಿ ಈಜಿಪ್ಟಿನಿಂದ ಬಂದವುಗಳ ನೇರ ಸಂತತಿಯೇ? — ಮಂಗಳೂರು

ಉತ್ತರ: ಹಾಗೆ ಹೇಳಲು ಆಧಾರವಿಲ್ಲ. ಈ ಗುಂಡಿ ತೆರೆದದ್ದೇ 1926ರಿಂದ 1929ರ ನಡುವೆ, ಹಳೆಯ ಮನೆಗಳನ್ನು ಕೆಡವುವಾಗ. ಮುಸೊಲಿನಿ 1929ರ ಏಪ್ರಿಲ್ 21ರಂದು ಇದನ್ನು ಉದ್ಘಾಟಿಸಿದ. ಅದಕ್ಕೆ ಮುಂಚೆ ಬೆಕ್ಕು ಕೂರಲು ಇಲ್ಲಿ ಪಾಳುಗುಡಿಯೇ ಹೊರಗೆ ಕಾಣುತ್ತಿರಲಿಲ್ಲ. ವಾಹನ ಇಳಿಯದ, ನಾಯಿ ನುಗ್ಗದ, ಬಿಸಿಲಿಗೂ ನೆರಳಿಗೂ ಜಾಗವಿರುವ ತಗ್ಗು ಸಿಕ್ಕಿತು, ಬೆಕ್ಕುಗಳು ಸೇರಿಕೊಂಡವು. ಇವತ್ತು ಅಲ್ಲಿರುವ ಬಹುಪಾಲು ಬೆಕ್ಕುಗಳು ಯಾರೋ ತಂದು ಬಿಟ್ಟು ಹೋದವು.

ಆದರೆ ರೋಮ್ ಮತ್ತು ಈಜಿಪ್ಟ್ ಬೆಕ್ಕುಗಳ ನಂಟು ಸುಳ್ಳಲ್ಲ. ಮನೆಬೆಕ್ಕಿನ ಮೂಲ ಆಫ್ರಿಕದ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿಯಲ್ಲಿ ಮನುಷ್ಯನ ಮಗ್ಗುಲಲ್ಲೇ ಬೆಕ್ಕನ್ನೂ ಮಣ್ಣು ಮಾಡಿದ್ದಾರೆ. ರೋಮನ್ನರ ಮನೆಗಳಲ್ಲಿ ಇಲಿ ಹಿಡಿಯುವ ಕೆಲಸ ಮೊದಲಿಗೆ ಮುಂಗುಸಿಯನ್ನು ಹೋಲುವ ವೀಸಲ್ ಜಾತಿಯ ಪ್ರಾಣಿಗಳದಾಗಿತ್ತು. ಬೆಕ್ಕು ತಡವಾಗಿ ಬಂತು. ಪೊಂಪೇಯಿ ಊರಿನ ‘ಫಾನ್ ಮನೆ’ಯಲ್ಲಿ ಸಿಕ್ಕ ಮೊಸಾಯಿಕ್ ಚಿತ್ರದಲ್ಲಿ ಪಟ್ಟೆಪಟ್ಟೆ ಬೆಕ್ಕೊಂದು ಹಕ್ಕಿಯನ್ನು ಅದುಮಿ ಹಿಡಿದಿದೆ. ಈಗ ಅದು ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಪೂ. 60ರ ಸುಮಾರಿಗೆ ಈಜಿಪ್ಟಿನಲ್ಲಿ ಒಬ್ಬ ರೋಮನ್ ಅಕಸ್ಮಾತ್ತಾಗಿ ಬೆಕ್ಕು ಕೊಂದಾಗ ಜನ ಅವನ ಮನೆಗೆ ಮುತ್ತಿಗೆ ಹಾಕಿದರು, ರಾಜನ ಅಧಿಕಾರಿಗಳು ಬೇಡಿಕೊಂಡರೂ ಬಿಡಲಿಲ್ಲ ಎಂದು ಕಣ್ಣಾರೆ ಕಂಡ ಗ್ರೀಕ್ ಇತಿಹಾಸಕಾರ ಡಿಯೊಡೊರಸ್ ಬರೆದಿದ್ದಾನೆ.

ಚೌಕದಿಂದ ಕೆಲವೇ ನಿಮಿಷದ ದಾರಿಯಲ್ಲಿ ಈಜಿಪ್ಟಿನ ಐಸಿಸ್ ದೇವತೆಯ ದೊಡ್ಡ ಗುಡಿಯಿತ್ತು. ಅಲ್ಲಿಂದ ಬಂದ ಅಮೃತಶಿಲೆಯ ಪುಟ್ಟ ಬೆಕ್ಕನ್ನು ವಿಯಾ ದೆಲ್ಲಾ ಗತ್ತಾ ಎಂಬ ಬೀದಿಯ ಮೂಲೆಮನೆಯ ಗೋಡೆಯಂಚಿನಲ್ಲಿ ಕೂರಿಸಿದ್ದಾರೆ. ತಲೆಯೆತ್ತಿ ಹುಡುಕಿದರೆ ಮಾತ್ರ ಕಾಣುತ್ತದೆ.

ಪ್ರಶ್ನೆ: ಇಷ್ಟು ಬೆಲೆಬಾಳುವ ಜಾಗದಿಂದ ಸರ್ಕಾರ ಬೆಕ್ಕುಗಳನ್ನು ಏಕೆ ತೆರವು ಮಾಡುವುದಿಲ್ಲ? — ಮೈಸೂರು

ಉತ್ತರ: ಕಾನೂನು ಬಿಡುವುದಿಲ್ಲ, ತೆರವು ಮಾಡಿದರೆ ಪ್ರಯೋಜನವೂ ಇಲ್ಲ.

ಇಟಲಿಯ 1991ರ 281ನೇ ಕಾನೂನಿನ ಪ್ರಕಾರ ಬಯಲಲ್ಲಿ ಬದುಕುವ ಬೆಕ್ಕುಗಳನ್ನು ಹಿಂಸಿಸುವಂತಿಲ್ಲ. ಸ್ಥಳೀಯ ಸರ್ಕಾರಿ ಆರೋಗ್ಯ ಘಟಕದ ಪಶುವೈದ್ಯರು ಅವಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿ ಅದೇ ಗುಂಪಿಗೆ ಮರಳಿ ಬಿಡಬೇಕು. ಗುಣವಾಗದ ಗಂಭೀರ ಕಾಯಿಲೆ ಇದ್ದರೆ ಮಾತ್ರ ದಯಾಮರಣ. ಗುಂಪಿನ ಉಸ್ತುವಾರಿಯನ್ನು ಪ್ರಾಣಿದಯಾ ಸಂಘಗಳು ಒಪ್ಪಂದ ಮಾಡಿಕೊಂಡು ವಹಿಸಿಕೊಳ್ಳಬಹುದು. ಕೊಲೊಸಿಯಂ, ಫೋರಂ ಮತ್ತು ತೊರ್ರೆ ಅರ್ಜೆಂತೀನಾದ ಬೆಕ್ಕುಗಳು ನಗರದ ಪರಂಪರೆಯ ಭಾಗ ಎಂದು 2001ರಲ್ಲಿ ರೋಮ್ ನಗರಸಭೆಯೇ ಒಪ್ಪಿಕೊಂಡಿತು. 2012ರಲ್ಲಿ ಪುರಾತತ್ವ ಅಧಿಕಾರಿಗಳು ಆಶ್ರಯತಾಣದ ಕೋಣೆಗಳು ಪ್ರಾಚೀನ ಗುಡಿಗೆ ತಾಗಿಕೊಂಡಿವೆ, ಪರವಾನಗಿ ಇಲ್ಲ ಎಂದು ತೆರವಿಗೆ ಮುಂದಾದರು. ದೊಡ್ಡ ವಿವಾದವಾಯಿತು, ಆಶ್ರಯತಾಣ ಉಳಿಯಿತು. ಅಧಿಕಾರಿಗಳ ಆಕ್ಷೇಪಣೆಯಲ್ಲಿ ಹುರುಳಿತ್ತು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಬೆಕ್ಕು ನೋಡಿಕೊಳ್ಳುವವರನ್ನು ಹೊರಗೆ ಹಾಕಿದರೆ ಬೆಕ್ಕುಗಳು ಹೋಗುವುದಿಲ್ಲ, ಚಿಕಿತ್ಸೆ ಮಾತ್ರ ನಿಲ್ಲುತ್ತದೆ.

ತೆರವು ಏಕೆ ಫಲಿಸದು ಎಂಬುದಕ್ಕೆ ಕಾರಣ ಸರಳ. ಊಟ ಮತ್ತು ಮರೆ ಇರುವ ಜಾಗ ಖಾಲಿಯಾದರೆ ಅಕ್ಕಪಕ್ಕದ ಬೀದಿಗಳ ಬೆಕ್ಕುಗಳು ಬಂದು ತುಂಬಿಕೊಳ್ಳುತ್ತವೆ, ಮತ್ತು ಅವುಗಳಿಗೆ ಶಸ್ತ್ರಚಿಕಿತ್ಸೆ ಆಗಿರುವುದಿಲ್ಲ. ಒಂದೇ ವರ್ಷದಲ್ಲಿ ಮರಿಗಳ ಹಿಂಡು. ಚಿಕಿತ್ಸೆಯಾದ ಹಳೆಯ ಬೆಕ್ಕುಗಳು ಅಲ್ಲೇ ಇದ್ದರೆ ಹೊಸಬರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ.

ಅಲ್ಲಿನ ನಿಜವಾದ ಕಂಟಕ ಬೇರೆಯೇ ಇದೆ. ಆಶ್ರಯತಾಣ ಹೆಸರುವಾಸಿಯಾದಷ್ಟೂ ಜನ ತಮ್ಮ ಬೆಕ್ಕನ್ನು ತಂದು ಬಿಡುವುದು ಹೆಚ್ಚುತ್ತದೆ. ವಸಂತದಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳು, ಆಗಸ್ಟ್ ರಜೆಗೆ ಮುಂಚೆ ದೊಡ್ಡ ಬೆಕ್ಕುಗಳು. ಇಟಲಿಯಲ್ಲಿ ಇದು ಅಪರಾಧ, ಒಂದು ವರ್ಷದವರೆಗೆ ಸೆರೆ ಅಥವಾ 10,000 ಯೂರೊವರೆಗೆ ದಂಡ. ರಾತ್ರಿ ಕಟಾಂಜನದ ಮೇಲಿಂದ ಇಳಿಬಿಟ್ಟು ಹೋದವರನ್ನು ಹಿಡಿಯುವುದು ಕಷ್ಟ. ಮನೆಯಲ್ಲಿ ಬೆಳೆದ ಬೆಕ್ಕು ಇದ್ದಕ್ಕಿದ್ದಂತೆ ಗುಂಪಿನ ನಡುವೆ ಬಿದ್ದರೆ ಮೇವು ಮುಟ್ಟದೆ ಮೂಲೆ ಸೇರುತ್ತದೆ. ಬೊಜ್ಜು ಬಂದ ಬೆಕ್ಕು ಮೂರ್ನಾಲ್ಕು ದಿನ ಉಪವಾಸವಿದ್ದರೂ ಸಾಕು, ಯಕೃತ್ತಿನಲ್ಲಿ ಕೊಬ್ಬು ತುಂಬಿ ಕಾಮಾಲೆಯಾಗಿ ಸಾಯಬಹುದು. “ಅಲ್ಲಿ ಬಿಟ್ಟರೆ ಸುಖವಾಗಿರುತ್ತದೆ” ಎಂಬ ಮಾತು ಎಷ್ಟು ಕ್ರೂರ ಎಂದು ಬಿಟ್ಟುಹೋದವರಿಗೆ ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ಪಾಳುಗುಡಿಯ ಸಂದಿಗೊಂದಿಗಳಲ್ಲಿ ಕೈಗೆ ಸಿಗದೆ ಓಡುವ ಬೆಕ್ಕನ್ನು ಹಿಡಿದು ಶಸ್ತ್ರಚಿಕಿತ್ಸೆ ಮಾಡುವುದು ಹೇಗೆ? ದಯವಿಟ್ಟು ವಿವರವಾಗಿ ತಿಳಿಸಿ. — ಸಾಗರ

ಉತ್ತರ: ಬಲೆ ಬೀಸಿ ಅಟ್ಟಾಡಿಸಿದರೆ ಆಗದು. ಕಲ್ಲಿನ ಬಿರುಕಿನಲ್ಲಿ ನುಗ್ಗಿದ ಬೆಕ್ಕಿಗಾಗಿ ಕಲ್ಲು ಕದಲಿಸುವಂತಿಲ್ಲ, ಅಗೆಯುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಬೆಕ್ಕು ತಾನಾಗಿಯೇ ಬೋನಿಗೆ ಬರುವ ಹಾಗೆ ಮಾಡಬೇಕು.

ಮೊದಲು ಲೆಕ್ಕದ ಪುಸ್ತಕ. ಪ್ರತಿ ಬೆಕ್ಕಿನ ಬಣ್ಣ, ಗಂಡೋ ಹೆಣ್ಣೋ, ಕಿವಿಗೆ ಗುರುತಿದೆಯೋ ಇಲ್ಲವೋ, ಗಬ್ಬವೋ, ಹಾಲೂಡುತ್ತಿದೆಯೋ ಎಲ್ಲ ಫೋಟೊ ಸಮೇತ ಬರೆದಿಡಬೇಕು. ಎರಡು ವಾರ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಊಟ ಇಟ್ಟರೆ ಬೆಕ್ಕುಗಳು ಗಡಿಯಾರ ನೋಡಿದ ಹಾಗೆ ಬರುತ್ತವೆ. ಹಿಡಿಯುವ ಹಿಂದಿನ ದಿನ ಊಟ ನಿಲ್ಲಿಸಬೇಕು, ನೀರು ಮಾತ್ರ ಇರಬೇಕು. ಹಸಿವಿಲ್ಲದ ಬೆಕ್ಕು ಬೋನಿನ ಹತ್ತಿರ ಸುಳಿಯುವುದಿಲ್ಲ, ಹೊಟ್ಟೆ ತುಂಬಿದ ಬೆಕ್ಕಿಗೆ ಅರಿವಳಿಕೆ ಕೊಟ್ಟರೆ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಎರಡು ಮೂರು ತಿಂಗಳ ಮರಿಗಳನ್ನು ಮಾತ್ರ ಇಷ್ಟು ಹೊತ್ತು ಉಪವಾಸ ಕೆಡವಬಾರದು, ರಕ್ತದ ಸಕ್ಕರೆ ಇಳಿದು ಕುಸಿಯುತ್ತವೆ.

ಬೋನು ಸುಮಾರು 75ರಿಂದ 90 ಸೆಂ.ಮೀ. ಉದ್ದ, 25ರಿಂದ 30 ಸೆಂ.ಮೀ. ಅಗಲ ಇರಬೇಕು. ಚಿಕ್ಕದಾದರೆ ಬಾಗಿಲು ಬಾಲದ ಮೇಲೆ ಬೀಳುತ್ತದೆ. ತಂತಿಯ ತಳ ಪಾದಕ್ಕೆ ಚುಚ್ಚದಂತೆ ಮಡಚಿದ ಪತ್ರಿಕೆ ಹಾಸಿ. ಬೋನು ಅಲುಗಾಡಿದರೆ ಮುಂಗಾಲಿಟ್ಟ ಬೆಕ್ಕು ಜಿಗಿದು ಓಡುತ್ತದೆ, ಮತ್ತೆ ವಾರಗಟ್ಟಲೆ ಬರುವುದಿಲ್ಲ. ಆದ್ದರಿಂದ ಸಮತಟ್ಟಾದ ನೆಲ ಹುಡುಕಿ, ಗೋಡೆಯ ಉದ್ದಕ್ಕೆ ಇಡಿ. ಬೆಕ್ಕುಗಳು ಬಯಲಿಗಿಂತ ಗೋಡೆ ಸವರಿಕೊಂಡು ನಡೆಯುವುದೇ ಹೆಚ್ಚು. ವಾಸನೆ ಘಾಟಾಗಿರುವ ಮೀನು, ಎಣ್ಣೆಯಲ್ಲಿಟ್ಟ ಭೂತಾಯಿ ಅಥವಾ ಟ್ಯೂನಾ, ಒಂದು ಚಮಚ ಸಾಕು. ಅದನ್ನು ತುಳಿಹಲಗೆಯ (ಬೆಕ್ಕು ತುಳಿದೊಡನೆ ಬಾಗಿಲು ಬೀಳಿಸುವ ಹಲಗೆ) ಆಚೆಗೆ, ಬೋನಿನ ಕೊಟ್ಟಕೊನೆಗೆ ಇಡಬೇಕು. ಹಲಗೆಯ ಈಚೆಗೇ ಇಟ್ಟು ಬೆಕ್ಕು ಕತ್ತು ಚಾಚಿ ತಿಂದು ಹೋಗುವಂತೆ ಮಾಡುವುದೇ ಹೊಸಬರು ಎಡವುವ ಜಾಗ.

ಬಾಗಿಲು ಬಿದ್ದ ಕೂಡಲೇ ಬೋನಿಗೆ ದಪ್ಪ ಬಟ್ಟೆ ಹೊದಿಸಿ. ಕತ್ತಲಾದ ತಕ್ಷಣ ಬೆಕ್ಕು ಸುಮ್ಮನಾಗುತ್ತದೆ. ಬಟ್ಟೆ ಇಲ್ಲದಿದ್ದರೆ ತಂತಿಗೆ ಮೂತಿ ಗುದ್ದಿಕೊಂಡು ಉಗುರು, ಮೂಗು ಹರಿದುಕೊಳ್ಳುತ್ತದೆ. ಬೋನು ಹೂಡಿ ಮನೆಗೆ ಹೋಗಿಬಿಡುವ ಹಾಗಿಲ್ಲ, ದೂರದಲ್ಲಿ ನಿಂತು ಕಾಯಲೇಬೇಕು. ರೋಮ್‌ನ ಜುಲೈ ಬಿಸಿಲಲ್ಲಿ ಮುಚ್ಚಿದ ಬೋನಿನೊಳಗೆ ಒಂದು ಗಂಟೆಯೇ ಪ್ರಾಣಾಂತಿಕ.

ಹೆಣ್ಣು ಸಿಕ್ಕರೆ ಕೆಚ್ಚಲು ನೋಡಿ. ಮೊಲೆತೊಟ್ಟಿನ ಸುತ್ತ ಕೂದಲು ಸವೆದು ಹಾಲು ಕಟ್ಟಿದ್ದರೆ ಎಲ್ಲೋ ಮರಿಗಳಿವೆ. ಮರಿಗಳು ಎಲ್ಲಿವೆ ಎಂದು ಹುಡುಕದೆ ಅದನ್ನು ಎರಡು ದಿನ ಇಟ್ಟುಕೊಂಡರೆ ಗೂಡಿನಲ್ಲಿ ಮರಿಗಳು ಸಾಯುತ್ತವೆ. ಅಂಥದಕ್ಕೆ ಆ ದಿನವೇ ಶಸ್ತ್ರಚಿಕಿತ್ಸೆ ಮಾಡಿ, ಎಚ್ಚರವಾದ ಮೇಲೆ ಬೇಗ ಬಿಡಬೇಕು. ಗರ್ಭಕೋಶ ತೆಗೆದರೂ ಹಾಲು ನಿಲ್ಲುವುದಿಲ್ಲ, ಮರಿಗಳಿಗೆ ಮೊಲೆ ಕೊಡುತ್ತದೆ.

ಅರಿವಳಿಕೆಯಲ್ಲಿ ಇರುವಾಗಲೇ ಕಿವಿಯ ತುದಿಯನ್ನು ಸುಮಾರು ಒಂದು ಸೆಂ.ಮೀ. ನೇರವಾಗಿ ಕತ್ತರಿಸುತ್ತಾರೆ. ಲೇಖನದ ಚಿತ್ರಗಳಲ್ಲಿ ಕಿವಿ ಚಪ್ಪಟೆಯಾಗಿ ಕಾಣುವುದು ಇದರಿಂದಲೇ. ಹಲವರು ಇದನ್ನು ಕ್ರೌರ್ಯವೆಂದು ಬರೆದು ಕೇಳಿದ್ದಾರೆ. ನೋವಿಲ್ಲದೆ ಮಾಡುವ ಈ ಗುರುತು ದೂರದಿಂದಲೇ ಕಾಣುತ್ತದೆ. ಗುರುತಿಲ್ಲದಿದ್ದರೆ ಅದೇ ಹೆಣ್ಣುಬೆಕ್ಕನ್ನು ಮತ್ತೊಮ್ಮೆ ಹಿಡಿದು ಹೊಟ್ಟೆ ಕುಯ್ಯುವ ಸಂಭವವಿದೆ. ಹೊಲಿಗೆಗೆ ತಾನೇ ಕರಗುವ ದಾರ ಬಳಸುವುದರಿಂದ ಬಿಚ್ಚಲು ಮತ್ತೆ ಹಿಡಿಯಬೇಕಿಲ್ಲ. ಗಂಡನ್ನು ಒಂದು ದಿನ, ಹೆಣ್ಣನ್ನು ಎರಡು ಮೂರು ದಿನ ಬೆಚ್ಚಗೆ ಇಟ್ಟು, ಮೇವು ತಿಂದು ನೆಟ್ಟಗೆ ನಡೆಯುವುದನ್ನು ನೋಡಿದ ಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು. ತೂರಾಡುವ ಬೆಕ್ಕನ್ನು ಐದಾರು ಮೀಟರ್ ಗೋಡೆಗಳ ನಡುವೆ ಬಿಟ್ಟರೆ ಬಿದ್ದು ಸಾಯುತ್ತದೆ.

ಎಷ್ಟು ಬೆಕ್ಕಿಗೆ ಮಾಡಿದರೆ ಸಾಕು? ಗಬ್ಬದ ಅವಧಿ 63ರಿಂದ 65 ದಿನ. ಐದಾರು ತಿಂಗಳಿಗೇ ಮೊದಲ ಬೆದೆ, ಹಾಲೂಡುತ್ತಿರುವಾಗಲೇ ಮತ್ತೆ ಗಬ್ಬ ನಿಲ್ಲಬಹುದು, ವರ್ಷಕ್ಕೆ ಎರಡು ಮೂರು ಸೂಲು, ಸೂಲಿಗೆ ನಾಲ್ಕರಷ್ಟು ಮರಿ. ಹೀಗಿರುವಾಗ ಹತ್ತರಲ್ಲಿ ನಾಲ್ಕಕ್ಕೆ ಮಾಡಿ ನಿಲ್ಲಿಸಿದರೆ ಏನೂ ಮಾಡದಂತೆಯೇ. ಕನಿಷ್ಠ ಏಳಕ್ಕಾದರೂ ಆಗಬೇಕು, ಅದೂ ಹೊಸದಾಗಿ ಬಂದು ಸೇರುವುದನ್ನು ಕೂಡಲೇ ಹಿಡಿಯುತ್ತಾ ಇರಬೇಕು. ಹಣ ಕಡಿಮೆಯಿದ್ದರೆ ಹೆಣ್ಣುಗಳು ಮೊದಲು. ಒಂದೇ ಗಂಡು ಉಳಿದರೂ ಎಲ್ಲ ಹೆಣ್ಣುಗಳಿಗೂ ಅದು ಸಾಕಾಗುತ್ತದೆ.

ಪ್ರಶ್ನೆ: ಚಿತ್ರಗಳಲ್ಲಿ ಒಕ್ಕಣ್ಣಿನ ಬೆಕ್ಕು, ಕಿವಿಯೇ ಇಲ್ಲದ ಬಿಳಿ ಬೆಕ್ಕು ಕಂಡು ಕರುಳು ಕಿತ್ತು ಬಂತು. ಇವನ್ನು ಯಾರು ಹೀಗೆ ಮಾಡಿದರು? — ಹಾಸನ

ಉತ್ತರ: ಹೆಚ್ಚಿನವು ಕಾಯಿಲೆಯ ಗುರುತುಗಳು, ಜೊತೆಗೆ ಚಿಕಿತ್ಸೆ ಸಿಕ್ಕಿದ್ದರ ಗುರುತೂ ಹೌದು.

ಬಿಳಿ ಕಿವಿಯ ಚರ್ಮದಲ್ಲಿ ಬಣ್ಣವಿಲ್ಲ, ಕೂದಲೂ ತೆಳು. ವರ್ಷಗಟ್ಟಲೆ ಬಿಸಿಲಲ್ಲಿ ಕಲ್ಲಿನ ಮೇಲೆ ಮಲಗುವ ಬೆಕ್ಕಿಗೆ ಕಿವಿಯಂಚು ಮೊದಲು ಕೆಂಪಾಗುತ್ತದೆ, ಆಮೇಲೆ ಪುಟ್ಟ ಹಕ್ಕಳೆ ಕಟ್ಟುತ್ತದೆ. ಜಗಳದ ಗೀರಿನ ಹಕ್ಕಳೆ ಹತ್ತು ದಿನದಲ್ಲಿ ಉದುರುತ್ತದೆ, ಇದು ಉದುರದು, ಉದುರಿದರೂ ಅಡಿಯಲ್ಲಿ ಹಸಿ ಹುಣ್ಣು. ಅಂಚು ಇಲಿ ಕಡಿದಂತೆ ಸವೆಯುತ್ತಾ ಹೋಗುತ್ತದೆ. ಇದು ಚರ್ಮದ ಕ್ಯಾನ್ಸರ್. ಕಿವಿಯ ಹಾಳೆಯನ್ನು ಆರೋಗ್ಯವಾದ ಚರ್ಮದ ಅಂಚಿನ ಸಮೇತ ಬೇಗ ತೆಗೆದುಬಿಟ್ಟರೆ ಬೆಕ್ಕು ವರ್ಷಗಟ್ಟಲೆ ಬದುಕುತ್ತದೆ, ಕೇಳಿಸುವುದೂ ಇರುತ್ತದೆ. ತಡಮಾಡಿದರೆ ತಲೆಗೆ ಹಬ್ಬುತ್ತದೆ.

ಕಣ್ಣು ಹೋಗುವುದು ಸಾಮಾನ್ಯವಾಗಿ ಮರಿಯಾಗಿದ್ದಾಗ. ಬೆಕ್ಕಿನ ನೆಗಡಿ ತರುವ ಹರ್ಪಿಸ್ ವೈರಸ್ ತಗಲಿ ಕಣ್ಣು ಅಂಟಿಕೊಂಡು, ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಹುಣ್ಣಾಗಿ ಒಡೆಯುತ್ತದೆ. ಮೊದಲ ದಿನಗಳಲ್ಲೇ ಉಪ್ಪುನೀರಿನಲ್ಲಿ ಒರೆಸಿ ಮುಲಾಮು ಹಾಕಿದರೆ ಉಳಿಯುವ ಕಣ್ಣು, ಕಲ್ಲಿನ ಸಂದಿನಲ್ಲಿ ಯಾರಿಗೂ ಕಾಣದೆ ಹೋಗುತ್ತದೆ. ಮೂರು ಕಾಲಿನವು ವಾಹನಕ್ಕೆ ಸಿಕ್ಕಂಥವು. ಚೌಕದ ನಾಲ್ಕೂ ಕಡೆ ಬಸ್ಸು ಕಾರುಗಳ ಓಡಾಟವಿದೆ.

ಪ್ರಶ್ನೆ: ಬೆಕ್ಕುಗಳಿಂದ ಅಲ್ಲಿ ಇಲಿ, ಹೆಗ್ಗಣಗಳ ಕಾಟ ತಪ್ಪಿದೆಯೇ? — ಕಲಬುರಗಿ

ಉತ್ತರ: ಸಣ್ಣ ಇಲಿಗಳನ್ನು ಹಿಡಿಯುತ್ತವೆ. ಮುನ್ನೂರು ಗ್ರಾಂ ತೂಗುವ ನಗರದ ಹೆಗ್ಗಣದ ತಂಟೆಗೆ ಹೋಗುವುದು ಅಪರೂಪ. 2018ರಲ್ಲಿ ಪ್ರಕಟವಾದ ನ್ಯೂಯಾರ್ಕ್‌ನ ಅಧ್ಯಯನವೊಂದರಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದರೆ ಬೆಕ್ಕುಗಳು ಕೊಂದದ್ದು ಎರಡೇ ಹೆಗ್ಗಣ. ಹೊಟ್ಟೆಗೆ ಸಿಗುವ ಬೆಕ್ಕು ಹಲ್ಲಿ, ಗುಬ್ಬಿಗಳನ್ನು ಮಾತ್ರ ಬಿಡುವುದಿಲ್ಲ. ಬೆಕ್ಕುಪ್ರಿಯರು ಇದನ್ನು ಒಪ್ಪಿಕೊಳ್ಳಬೇಕು.

ಪ್ರಶ್ನೆ: ಎರಡು ಸಾವಿರ ವರ್ಷದ ಕಲ್ಲಿಗೆ ಬೆಕ್ಕಿನ ಮೂತ್ರದಿಂದ ಹಾನಿಯಿಲ್ಲವೇ? — ಉಡುಪಿ

ಉತ್ತರ: ಇದೆ. ಟಫ್ ಕಲ್ಲು ರಂಧ್ರಮಯ. ಮೂತ್ರದ ಲವಣಗಳು ಒಳಗಿಳಿದು, ನೀರು ಆರಿದಾಗ ಹರಳುಗಟ್ಟಿ ಉಬ್ಬುತ್ತವೆ. ಮೇಲ್ಮೈ ಪುಡಿಪುಡಿಯಾಗಿ ಉದುರುತ್ತದೆ. ಬೀಜ ತೆಗೆಯದ ಗಂಡುಬೆಕ್ಕು ಗಡಿ ಗುರುತಿಸಲು ಒಂದೇ ಮೂಲೆಗೆ ಪದೇ ಪದೇ ಸಿಂಪಡಿಸುವುದರಿಂದ ಅದೇ ಕಲ್ಲು ಹೆಚ್ಚು ಕೆಡುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ಈ ಚಾಳಿ ಬಹುಮಟ್ಟಿಗೆ ನಿಲ್ಲುತ್ತದೆ. ಹಾಗಾಗಿ ಸಂತಾನಹರಣ ಬೆಕ್ಕಿನ ಹಿತಕ್ಕೆ ಮಾತ್ರ ಮಾಡುವ ಕೆಲಸವಲ್ಲ, ಕಲ್ಲಿನ ಹಿತವೂ ಅದರಲ್ಲಿದೆ.

ಉಳಿದದ್ದು ಶಿಸ್ತು. ಪ್ರಾಚೀನ ಕಲ್ಲಿನ ಮೇಲೆ ತಟ್ಟೆ ಇಡಬಾರದು. ಮಲಮೂತ್ರಕ್ಕೆ ಮರಳಿನ ತೊಟ್ಟಿಗಳನ್ನು ಗೋಡೆಯಿಂದ ದೂರ ಇಟ್ಟು ದಿನಾ ಬದಲಿಸಬೇಕು. ತೊಳೆಯಲು ಬರಿಯ ನೀರು, ಮೆದು ಬ್ರಷ್. ವಿನೆಗರ್, ನಿಂಬೆ, ಟಾಯ್ಲೆಟ್ ಆ್ಯಸಿಡ್ ಮುಂತಾದ ಹುಳಿ ವಸ್ತುಗಳು ಅಮೃತಶಿಲೆಯನ್ನೂ ಟ್ರ್ಯಾವರ್ಟೀನ್ ಸುಣ್ಣಗಲ್ಲನ್ನೂ ತಿಂದುಹಾಕುತ್ತವೆ. ಬ್ಲೀಚ್ ಇನ್ನಷ್ಟು ಲವಣ ಬಿಟ್ಟುಹೋಗುತ್ತದೆ.

ಹಾಗೆಂದು ಎಲ್ಲ ಹಾನಿಯನ್ನೂ ಬೆಕ್ಕಿನ ತಲೆಗೆ ಕಟ್ಟುವುದು ತಪ್ಪು. ಬಿರುಕಿನಲ್ಲಿ ಬೇರು ಬಿಟ್ಟ ಅಂಜೂರದ ಗಿಡ ಕಲ್ಲನ್ನೇ ಸೀಳುತ್ತದೆ. ಪಾರಿವಾಳದ ಹಿಕ್ಕೆ, ವಾಹನಗಳ ಹೊಗೆ, ಮಳೆನೀರು ಮಾಡುವ ಹಾನಿ ಇದಕ್ಕಿಂತ ದೊಡ್ಡದು.

ಪ್ರಶ್ನೆ: ನಾವು ಹೋದಾಗ ಹಾಲು, ಬಿಸ್ಕತ್ತು ಕೊಡಬಹುದೇ? — ದಾವಣಗೆರೆ

ಉತ್ತರ: ಬೇಡ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ನಾಲ್ಕು ಕಿಲೊ ತೂಕದ ಬೆಕ್ಕಿಗೆ ದಿನಕ್ಕೆ 60 ಗ್ರಾಂ ಆಸುಪಾಸು ಒಣ ಆಹಾರ ಸಾಕು, ಅದನ್ನು ಅಲ್ಲಿನ ಸ್ವಯಂಸೇವಕರು ಕೊಡುತ್ತಾರೆ. ಮೇಲಿನಿಂದ ಎಸೆದ ತಿಂಡಿ ಬೆಕ್ಕಿಗೆ ಸಿಗುವ ಮೊದಲೇ ಪಾರಿವಾಳ, ಕಡಲಕಾಗೆ, ಹೆಗ್ಗಣಗಳ ಪಾಲಾಗುತ್ತದೆ. ಔಷಧಿ ಪಡೆಯುತ್ತಿರುವ ಬೆಕ್ಕು ನಿಮ್ಮ ಬಿಸ್ಕತ್ತು ತಿಂದು ಮಾತ್ರೆ ಬೆರೆಸಿದ ಊಟ ಬಿಟ್ಟರೆ ಆ ದಿನದ ಚಿಕಿತ್ಸೆ ತಪ್ಪುತ್ತದೆ. ಕೊಡಬೇಕೆನಿಸಿದರೆ ಮೆಟ್ಟಿಲಿಳಿದು ಆಶ್ರಯತಾಣದ ಹುಂಡಿಗೆ ಹಣ ಹಾಕಿ.

ಪ್ರಶ್ನೆ: ಸೊಸೆ ಐದು ತಿಂಗಳ ಬಸುರಿ, ಜೊತೆಗೆ ಆರು ವರ್ಷದ ಮೊಮ್ಮಗನೂ ಬರುತ್ತಾನೆ. ಬೆಕ್ಕುಗಳ ಹತ್ತಿರ ಹೋಗಬಹುದೇ? — ಹುಬ್ಬಳ್ಳಿ

ಉತ್ತರ: ನೋಡಲು ಖಂಡಿತ ಹೋಗಬಹುದು. ಬಸುರಿಯರಿಗೆ ಹೇಳುವ ಎಚ್ಚರಿಕೆ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯದು. ಅದು ಬೆಕ್ಕಿನ ಕೂದಲಿನಿಂದ ಹರಡುವುದಿಲ್ಲ. ಮಲದಲ್ಲಿ ಹೊರಬಂದು, ಒಂದರಿಂದ ಐದು ದಿನದಲ್ಲಿ ಬಲಿತ ಮೇಲೆ ಮಣ್ಣು, ಮರಳಿನಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಅಲ್ಲಿನ ಮಣ್ಣು ಮುಟ್ಟದೆ, ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆದರೆ ಸಾಕು. ತೊಳೆಯದ ಸೊಪ್ಪಿನ ಸಲಾಡ್, ಅರೆಬೆಂದ ಅಥವಾ ಉಪ್ಪು ಹಾಕಿ ಒಣಗಿಸಿದ ಹಸಿ ಮಾಂಸ ಇಟಲಿಯಲ್ಲಿ ಎಲ್ಲೆಡೆ ಸಿಗುತ್ತದೆ. ಬಸುರಿಗೆ ಬೆಕ್ಕಿಗಿಂತ ಅದರಿಂದಲೇ ಅಪಾಯ ಹೆಚ್ಚು.

ಮೊಮ್ಮಗನಿಗೆ ಹೇಳಬೇಕಾದದ್ದು, ಮಲಗಿದ ಬೆಕ್ಕನ್ನು ಎತ್ತಬಾರದು, ಹೊಟ್ಟೆ ಮುಟ್ಟಬಾರದು. ಬೆಕ್ಕಿನ ಹಲ್ಲು ಸಣ್ಣ, ಗಾಯ ಆಳ. ಹೊರಗೆ ಚುಕ್ಕಿಯಷ್ಟೇ ಕಂಡರೂ ಒಳಗೆ ಕೀವು ಕಟ್ಟುತ್ತದೆ. ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ. ಇಟಲಿ 2013ರಿಂದ ರೇಬಿಸ್ ಮುಕ್ತ ದೇಶ. ಈ ಸಮಾಧಾನ ಊರಿಗೆ ಮರಳಿದ ಮೇಲೆ ಬೇಡ, ನಮ್ಮಲ್ಲಿ ಬೆಕ್ಕು ಕಚ್ಚಿದರೂ ಪರಚಿದರೂ ರೇಬಿಸ್ ಲಸಿಕೆ ಹಾಕಿಸಲೇಬೇಕು.

ಪ್ರಶ್ನೆ: ಎರಡೂವರೆ ವರ್ಷದಿಂದ ಕೆಲಸದ ಮೇಲೆ ಇಟಲಿಯಲ್ಲಿದ್ದೇನೆ. ಆ ಆಶ್ರಯತಾಣದಿಂದ ಒಂದು ಬೆಕ್ಕನ್ನು ದತ್ತು ಪಡೆಯುವ ಆಸೆ. ಮುಂದಿನ ವರ್ಷ ಬೆಂಗಳೂರಿಗೆ ಮರಳುವಾಗ ಕರೆತರಬಹುದೇ? — ಮಿಲಾನ್

ಉತ್ತರ: ಬರಬಹುದು, ಆದರೆ ತಯಾರಿ ಈಗಿನಿಂದಲೇ ಬೇಕು. ವಿದೇಶದಲ್ಲಿ ಎರಡು ವರ್ಷ ಇದ್ದು ವಾಸ ಬದಲಾಯಿಸಿ ಮರಳುವವರಿಗೆ ಎರಡು ಸಾಕುಪ್ರಾಣಿಗಳವರೆಗೆ ತರಲು ಭಾರತದ ನಿಯಮದಲ್ಲಿ ಅವಕಾಶವಿದೆ, ನಿಮಗೆ ಅದು ಅನ್ವಯಿಸುತ್ತದೆ. ಮೊದಲು ಚರ್ಮದಡಿ ಇಡುವ ಗುರುತಿನ ಮೈಕ್ರೊಚಿಪ್, ಆಮೇಲೆ ರೇಬಿಸ್ ಲಸಿಕೆ, ಈ ಕ್ರಮ ತಪ್ಪಬಾರದು. ಚಿಪ್‌ಗೆ ಮುಂಚೆ ಹಾಕಿಸಿದ ಲಸಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರಯಾಣಕ್ಕೆ ಕನಿಷ್ಠ 30 ದಿನ ಮುಂಚೆ ಲಸಿಕೆ ಆಗಿರಬೇಕು, ಒಂದು ವರ್ಷ ದಾಟಿರಬಾರದು. ಹೊರಡುವ ವಾರದಲ್ಲಿ ಅಲ್ಲಿನ ಸರ್ಕಾರಿ ಪಶುವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ಮಾಡಿಸಿ, ಅದನ್ನು ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಕಚೇರಿಗೆ ಕಳಿಸಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಅದು ಕೈಗೆ ಬರುವ ತನಕ ಬೆಕ್ಕಿನ ಟಿಕೆಟ್ ಖಚಿತಪಡಿಸಬೇಡಿ. ಕಾಗದಪತ್ರದ ಪಟ್ಟಿಯನ್ನು ಆ ಕಚೇರಿಯಿಂದಲೇ ಕೇಳಿ ಪಡೆಯಿರಿ, ಕಾಲಕಾಲಕ್ಕೆ ಬದಲಾಗುತ್ತದೆ.

ಬೆಕ್ಕನ್ನು ಆಯುವಾಗ ಬಾಲ್ಯದಿಂದ ಗುಂಪಿನಲ್ಲೇ ಬೆಳೆದು ಮನುಷ್ಯರಿಂದ ದೂರ ಇರುವಂಥದ್ದನ್ನು ಕೇಳಬೇಡಿ. ಫ್ಲಾಟಿನೊಳಗೆ ಅದಕ್ಕೆ ನರಕ. ಒಮ್ಮೆ ಮನೆಯಲ್ಲಿದ್ದು ಬೀದಿಪಾಲಾದ ಬೆಕ್ಕುಗಳು ಅಲ್ಲಿ ಎಷ್ಟೋ ಇವೆ. ರಕ್ತಪರೀಕ್ಷೆಯ ವರದಿ ನೋಡಿ. ಬೆಕ್ಕಿನ ಇಮ್ಯುನೊಡೆಫಿಷಿಯೆನ್ಸಿ ವೈರಸ್ ಮುಖ್ಯವಾಗಿ ಆಳವಾದ ಕಡಿತದಿಂದ ಹರಡುತ್ತದೆ, ಒಂಟಿಯಾಗಿ ಸಾಕಿದರೆ ಅಂಥ ಬೆಕ್ಕೂ ಬಹುಕಾಲ ಚೆನ್ನಾಗಿರುತ್ತದೆ. ಲ್ಯುಕೇಮಿಯಾ ವೈರಸ್ ಇದ್ದರೆ ನಿಮ್ಮ ಮನೆಯಲ್ಲಿ ಬೇರೆ ಬೆಕ್ಕು ಇರಬಾರದು, ಎಂಜಲಿನಿಂದಲೂ ಅಂಟುತ್ತದೆ. ಪ್ರಯಾಣದ ಪೆಟ್ಟಿಗೆಯನ್ನು ತಿಂಗಳ ಮುಂಚೆಯೇ ತಂದು ಮನೆಯಲ್ಲಿ ಬಾಗಿಲು ತೆಗೆದಿಡಿ, ಅದರೊಳಗೇ ಊಟ ಹಾಕಿ. ಪ್ರಯಾಣದ ದಿನ ನಿದ್ದೆ ಔಷಧಿ ಕೊಡಬೇಡಿ, ಎತ್ತರದಲ್ಲಿ ಉಸಿರಾಟ ಮತ್ತು ರಕ್ತದೊತ್ತಡ ಕುಸಿಯುವ ಭಯವಿದೆ ಎಂದು ಹಲವು ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದೇ ಇಲ್ಲ. ಕರೆತರಲು ಆಗದಿದ್ದರೆ ದೂರದಿಂದಲೇ ದತ್ತು ಪಡೆಯುವ ವ್ಯವಸ್ಥೆಯಿದೆ, ತಿಂಗಳಿಗಿಷ್ಟು ಎಂದು ಒಂದು ಬೆಕ್ಕಿನ ಖರ್ಚು ವಹಿಸಿಕೊಳ್ಳಬಹುದು. ಮುದಿ, ಕುರುಡು ಬೆಕ್ಕುಗಳಿಗೆ ಮನೆ ಸಿಗುವುದು ಕಡಿಮೆ, ಕೇಳುವಾಗ ಅಂಥವನ್ನೇ ಕೇಳಿ.